ಪೆಟ್ರೋಲ್ ಎಲ್ಲಿ ಹೋಗುತ್ತಿತ್ತು

ಉತ್ತರದ ಹಿಮನಾಡಿನ ಕೆಮಿ ಪಟ್ಟಣದ ಗ್ಯಾರೇಜಿನಲ್ಲಿ ನನ್ನ ಪಕ್ಕ ಒಬ್ಬ ಮುದುಕಿ ಕಾಫಿ ಹಿಡಿದು ಕೂತಿದ್ದಳು. ಮೆಕ್ಯಾನಿಕ್ ಹತ್ತಿರ ಮಾತಾಡಿಕೊಂಡು ಅವಳ ಗಂಡ ಬಂದ.

"ಐಲಾ, ಸೈಲೆನ್ಸರ್ ಪೈಪು ಸೀಳಿದೆಯಂತೆ. ಹಿಮ ಕರಗಲಿ ಅಂತ ರಸ್ತೆಗೆ ಹಾಕೋ ಉಪ್ಪು ತಿಂದುಹಾಕಿದೆ."

"ಅದಕ್ಕೂ ಪೆಟ್ರೋಲ್ ಬೇಗ ಖಾಲಿಯಾಗೋದಕ್ಕೂ ಏನು ಸಂಬಂಧ?"

"ಸೀಳಲ್ಲಿ ಹೊರಗಿನ ಗಾಳಿ ನುಗ್ಗುತ್ತೆ. ಹೊಗೆ ಅಳೆಯೋ ಸೆನ್ಸರ್ರು ಆ ಗಾಳಿ ಕಂಡು ಪೆಟ್ರೋಲ್ ಸಾಲ್ತಿಲ್ಲ ಅಂದ್ಕೊಳ್ಳುತ್ತೆ. ಇಂಜಿನ್ನು ಇನ್ನಷ್ಟು ಕುಡಿಯುತ್ತೆ."

"ಅಂದ್ರೆ, ಕಾರು ತಗೊಂಡು ಗುಟ್ಟಾಗಿ ಆ ವಿಧವೆ ಹೆಲ್ವಿ ಮನೆಗೆ ಹೋಗ್ತಿರಲಿಲ್ವಾ ನೀನು?"

"ಚಳಿಗಾಲ ಪೂರ್ತಿ ಅದನ್ನೇ ಹೇಳ್ದೆ. ನೀನು ನನ್ನನ್ನ ಹೊರಗಿನ ಸೌನಾ ಸ್ನಾನದ ಕೋಣೇಲಿ ಮಲಗಿಸ್ದೆ!"

ಅವಳು ಕಾಫಿ ಲೋಟ ಕೆಳಗಿಟ್ಟಳು.

"ತಪ್ಪಾಯ್ತು, ತೌನೊ. ಇವತ್ತಿಂದ ಒಳಗೇ ಮಲಗು."

"ಬೆನ್ನು ಹಿಡ್ಕೊಂಡಿದೆ ಕಣೇ."

"ನಾನೇ ತಿಕ್ತೀನಿ. ಕಾರು ಯಾವಾಗ ಕೊಡ್ತಾನಂತೆ?"

"ಸಂಜೆಗೆ."

"ಹಾಗಾದ್ರೆ ನಡಿ, ಸಮುದ್ರದ ಕಡೆ ಹೋಗೋಣ. ಮಂಜುಗಡ್ಡೆ ಒಡೀತಿದೆಯಂತೆ."

ಅವನು ತೋಳು ಚಾಚಿದ. ಅವಳು ಹಿಡಿದುಕೊಂಡಳು. ಇಬ್ಬರೂ ನಿಧಾನಕ್ಕೆ ಬಾಗಿಲು ದಾಟಿದರು.