ಹತ್ತನೆಯವರು

ಬಂದರಿನ ಧಕ್ಕೆಯಲ್ಲಿ ಮೀನು ಕೊಂಡು, ಮಲಗಿದ್ದ ಮಗುವನ್ನು ಹೆಗಲಿಗೆ ಹಾಕಿ ಸ್ವಲ್ಪ ಕೂತಿದ್ದೆ. ಪಕ್ಕದಲ್ಲಿ ಅತ್ತೆ ಸೊಸೆ ಹೊಳೆಯಾಚೆಯ ಬೆಂಗ್ರೆಗೆ ಹೋಗುವ ದೋಣಿಗೆ ಕಾಯುತ್ತಿದ್ದರು.

"ಎಂತ ಯಶ್ಮಿತಾ, ಮುಖ ಸಪ್ಪೆ?" ಅತ್ತೆ ಕೇಳಿದರು.

"ನಮ್ಮ ಫ್ರಿಡ್ಜ್ ರಿಪೇರಿ ಕ್ಲಾಸು ನಿಲ್ತದಂತೆ ಮಾಮಿ. ಹತ್ತು ಜನ ಇಲ್ಲದಿದ್ರೆ ಸರ್ಕಾರದ ಅನುದಾನ ಇಲ್ಲ. ನಾವು ಒಂಬತ್ತೇ ಜನ."

"ಬೇರೆ ಕಡೆ ಕಲಿ."

"ಅಲ್ಲಿಯ ಫೀಸು ನಮ್ಮಿಂದ ಆಗ್ಲಿಕ್ಕುಂಟಾ?"

ಅತ್ತೆ ಸೊಸೆಯ ಕಡೆ ತಿರುಗಿ ಕೂತರು.

"ನನ್ನ ಹೆಸರು ಕೊಡು."

"ನೀವಾ? ಮಿಕ್ಸಿಯ ಸ್ವಿಚ್ ಹಾಕ್ಲಿಕ್ಕೂ ನನ್ನನ್ನು ಕರೆಯುವವರು!"

"ಹೆದರಿಕೆ ಉಂಟು ಮಾರಾಯ್ತಿ. ನಿನ್ನ ಪಕ್ಕದಲ್ಲೇ ಕೂತ್ಕೊಳ್ತೇನೆ."

"ಹೆಸರಿಗೆ ಮಾತ್ರ ಆದ್ರೆ ಆಗುವುದಿಲ್ಲ. ದಿನಾ ಬರಬೇಕು, ಪರೀಕ್ಷೆ ಬರೀಬೇಕು."

"ಬರೀತೇನೆ. ಫೇಲಾದ್ರೆ ನಿನ್ನ ಗಂಡನಿಗೆ ಹೇಳಬೇಡ, ನಗ್ತಾನೆ."

ದೋಣಿ ಬಂತು. ಸೊಸೆ ಮೊದಲು ಹತ್ತಿ ಕೈ ನೀಡಿದಳು.

"ಮಾಮಿ, ಅಲ್ಲಿಗೆ ಸೀರೆ ಆಗುವುದಿಲ್ಲ. ಚೂಡಿದಾರ್ ಹಾಕಬೇಕು."

"ನಿನ್ನ ಆ ನೀಲಿಯದ್ದು ಕೊಡ್ತೀಯಾ?"