ಹೊಲಿಗೆಗೆ ಬಿಟ್ಟ ಅರ್ಧ ಇಂಚು

ಡಾಕ್ಟರ ಕೋಣೆಯ ಹೊರಗೆ ಕೂತ ಮೇಷ್ಟ್ರು ಪೇಪರಿನ ಮರೆಯಲ್ಲೇ ಕಿವಿ ನಿಮಿರಿಸಿದರು. ಪಕ್ಕದಲ್ಲಿ ಒಬ್ಬ ಟೈಲರ್, ಅವನ ಜೊತೆಗೆ ಅವನಂಗಡಿಯಲ್ಲಿ ಗುಂಡಿಗೆ ಕಾಜಾ ಹಾಕುವವನು. ಟೈಲರ್ ತೊಡೆಯ ಮೇಲೆ ಶಿಶ್ನವನ್ನು ಎಳೆದು ಉದ್ದ ಮಾಡುವ ಸಾಧನದ ಡಬ್ಬಿ.

“ಎಂಟು ತಿಂಗಳು, ದಿನಾ ಐದು ಗಂಟೆ ಕಟ್ಕೊಂಡಿದ್ದೀನಿ ಕಣೋ.”

“ಅದಕ್ಕಾ ಅಣ್ಣ ನಿಂತೇ ಇರ್ತಿದ್ದಿದ್ದು? ನಾನು ಮೂಲವ್ಯಾಧಿ ಅಂದ್ಕೊಂಡಿದ್ದೆ.”

“ಅರ್ಧ ಇಂಚು ಬೆಳೆದಿದೆ.”

“ಅಳೆದೋರ್ಯಾರು?”

“ಕಟ್ಕೊಳ್ಳೋಕೆ ಮುಂಚೆ ಡಾಕ್ಟರು. ನಿನ್ನೆ ನಾನೇ, ಅಂಗಡಿ ಟೇಪಲ್ಲಿ.”

“ನೀವು ಏನಳೆದ್ರೂ ಹೊಲಿಗೆಗೆ ಅಂತ ಅರ್ಧ ಇಂಚು ಸೇರಿಸೇ ಬರೀತೀರಲ್ಲಣ್ಣ?”

ಟೈಲರ್ ಕೊರಳ ಟೇಪಿನಲ್ಲಿ ಅರ್ಧ ಇಂಚಿನ ಗೆರೆ ಹುಡುಕಿ ಹೆಬ್ಬೆರಳಿಟ್ಟ.

“ಅತ್ತಿಗೆ ಏನಂದ್ರು?”

“ಮೊದಲಿನ ಹಾಗೇ ಇದೆ ಅಂದ್ಳು. ನಿಂಗೇನೇ ಗೊತ್ತು ಅಳತೆ ಅಂತ ಬೈದೆ.”

ನರ್ಸ್ ಕರೆದಳು. ಟೈಲರ್ ಕೊರಳಲ್ಲಿದ್ದ ಟೇಪು ತೆಗೆದು ಕಾಜಾದವನ ಕೈಗಿಟ್ಟ.

“ನಿಮ್ಮತ್ತಿಗೆಗೆ ಫೋನ್ ಮಾಡು. ಅವಳ ಅಳತೇನೇ ಸರಿ ಅಂತ ನೀನೇ ಹೇಳ್ಬಿಡು” ಎಂದು ಒಳಗೆ ಹೋದ.