ದಿನ ಬಿಟ್ಟು ದಿನದ ಹನಿ

ಬೆಟಗೇರಿಯಿಂದ ಗದಗಿಗೆ ಕಣ್ಣು ತೋರಿಸಲು ಬಂದ ಭುವನೇಶ್ವರಿ ಆಸ್ಪತ್ರೆಯ ಬೆಂಚಿನಲ್ಲಿ ಕುಳಿತಿದ್ದಳು. ಪಕ್ಕದಲ್ಲಿ ಹಮ್ಮಿಗಿಯ ಶೇಖವ್ವ ಮತ್ತು ಅವಳ ಮಗ ಮಹಾದೇವ. ನಿಧಾನಕ್ಕೆ ದೃಷ್ಟಿ ಕಳೆಯುವ ಗ್ಲಾಕೋಮಾಕ್ಕೆ ಹನಿ ಔಷಧ ಒಳ್ಳೆಯದೋ ಲೇಸರೋ, ಖರ್ಚು ಯಾವುದಕ್ಕೆ ಕಡಿಮೆ ಎಂದು ತಿಳಿಯುವ ಸಂಶೋಧನೆಗೆ ಸೇರಲು ಶೇಖವ್ವ ಒಪ್ಪಿಬಿಟ್ಟಿದ್ದಳು.

"ನಿನ್ನ ಕಣ್ಣಿನ ಮ್ಯಾಲ ಪ್ರಯೋಗ ಮಾಡ್ತಾರಬೇ," ಎಂದ ಮಹಾದೇವ.

"ನೀ ಮಾಡಿದ್ದೇನು? ಔಷಧ ತುಟ್ಟಿ ಅಂತ ದಿನಾ ಹಾಕೂ ಹನಿ ದಿನ ಬಿಟ್ಟು ದಿನ ಹಾಕಿದಿ. ಅದೂ ಪ್ರಯೋಗನ."

ಭುವನೇಶ್ವರಿ ಅವರತ್ತ ತಿರುಗಿದಳು. ಅವಳೂ ಹಾಗೇ ಹಾಕಿಕೊಳ್ಳುತ್ತಿದ್ದಳು.

"ರೊಕ್ಕ ಎಲ್ಲಿಂದ ತರ್ಲಿ?" ಎಂದ ಮಗ.

"ನಿನ್ನ ಬೈಯಾಕತ್ತಿಲ್ಲ. ನಮ್ಮಂಥವರಿಗೆ ಯಾವುದು ಸೋವಿ ಬೀಳತೈತಿ ಅಂತನ ಅವರೂ ನೋಡಾಕತ್ತಾರ."

"ಇದ್ದಷ್ಟು ಕಣ್ಣೂ ಹೋದ್ರ?"

"ಸುಮ್ನ ಕುಂತರೂ ಹೋಗತೈತಿ. ಹೋದದ್ದು ತಿರುಗಿ ಬರೂದಿಲ್ಲ ಅಂತ ಡಾಕ್ಟರ್ ಹೇಳ್ಯಾರ. ಉಳಿದದ್ದನ್ನ ಏನ ಮಾಡಬೇಕು ಅಂತ ನಾನ ಹೇಳಾಕಿ."

"ಅಪ್ಪ ಏನಂತಾನ?"

"ಅವನ ಕಣ್ಣು ಛಲೋ ಅದಾವ. ಏನಾರ ಅನ್ಲಿ."

ಒಳಗಿನಿಂದ ನರ್ಸ್ ಶೇಖವ್ವನ ಹೆಸರು ಕೂಗಿದಳು. ಮಹಾದೇವ ಎದ್ದು ಕೈ ಚಾಚಿದ.

"ಬ್ಯಾಡ. ಬಾಗಲಾ ಇನ್ನೂ ಕಾಣತೈತಿ."

ಭುವನೇಶ್ವರಿ ಕಾಲು ಮಡಿಸಿ ದಾರಿ ಬಿಟ್ಟಳು. ಶೇಖವ್ವ ಸೆರಗು ಸರಿಪಡಿಸಿಕೊಂಡು ಒಳಗೆ ನಡೆದಳು. ಮಹಾದೇವ ಅವಳ ಚೀಲ ಎತ್ತಿಕೊಂಡು ಹಿಂದೆ ಹೋದ.